ಏಳನೇ ಬಾಟಲಿಯ ಚೀಟಿ

ಪಿಯುಸಿ ಎರಡನೇ ವರ್ಷದ ಮನಃಶಾಸ್ತ್ರ ಪ್ರಾಕ್ಟಿಕಲ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಬಾಟಲಿ ಕೊಡುತ್ತಾರೆ. ಯಾರೋ ಸಾಯುವ ಮುನ್ನ ದಾನ ಮಾಡಿಹೋದ ಒಂದು ಭಾವ ಅದರಲ್ಲಿರುತ್ತದೆ. ಮುಚ್ಚಳ ತೆಗೆದು, ಒಂದು ನಿಮಿಷ ಅನುಭವಿಸಿ, ಅದು ಯಾವ ಭಾವವೆಂದು ಬರೆಯಬೇಕು.

ನೀಲಾಂಬಿಕಾಳಿಗೆ ಏಳನೇ ನಂಬರಿನದು ಬಂದಿತ್ತು. ಮುಚ್ಚಳ ತೆಗೆದ ಕೂಡಲೇ ಅವಳ ದವಡೆ ಬಿಗಿಯಿತು, ಎದೆ ಹೊಡೆದುಕೊಳ್ಳತೊಡಗಿತು. ಬಸ್‌ಸ್ಟ್ಯಾಂಡಿನ ಕಡೆಯ ಖಾಲಿ ರಸ್ತೆ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಬಲಗೈಯ ಎರಡು ಬೆರಳು ಇಲ್ಲವೇ ಇಲ್ಲ ಅನ್ನಿಸಿ ಬೆಚ್ಚಿಬಿದ್ದಳು. ಹೋದ ವರ್ಷ ತೀರಿಕೊಂಡ ಅವಳ ಅಪ್ಪನಿಗೆ ಆ ಎರಡು ಬೆರಳು ಇರಲಿಲ್ಲ, ಎಣ್ಣೆಗಿರಣಿಯಲ್ಲಿ ತುಂಡಾಗಿದ್ದವು. ನಿಮಿಷ ಮುಗಿದರೂ ಅವಳು ಮುಚ್ಚಳ ಹಾಕಲಿಲ್ಲ. ಅಟೆಂಡರ್ ಬಂದು ಬಾಟಲಿಯನ್ನು ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಅವಳ ಉತ್ತರ ಓದಿ, ತಮ್ಮ ಲಕೋಟೆಯಿಂದ ಏಳನೇ ಬಾಟಲಿಯ ಚೀಟಿ ತೆಗೆದರು.

“ಅಂಜಿಕಿ ಅಂತ ಬರದೀಯಲ್ಲವಾ. ಇದು ಸಿಟ್ಟು.”

“ಸಿಟ್ಟಲ್ರಿ ಮೇಡಂ. ಒಮ್ಮೆ ನೀವೇ ತಗದು ನೋಡ್ರಿ.”

“ನಾ ಯಾಕ ನೋಡ್ಲಿ? ತೀರಿಕೊಂಡವರ ಮನಿಯವರೇ ಬರದು ಕೊಟ್ಟ ಚೀಟಿ ಇದು. ಅವರಿಗಿಂತ ನಿನಗ ಹೆಚ್ಚು ಗೊತ್ತೈತೇನು?” ಎಂದು ಪರೀಕ್ಷಕಿ ಚೀಟಿಯನ್ನು ಅವಳ ಮುಂದೆ ಹಿಡಿದರು.

ಅದು ನೀಲಾಂಬಿಕಾಳದೇ ಅಕ್ಷರ. ಆಸ್ಪತ್ರೆಯಲ್ಲಿ ನರ್ಸ್ ಚೀಟಿ ಕೊಟ್ಟಾಗ, ಅಪ್ಪನ ಹತ್ತಿರ ಸಿಟ್ಟು ಬಿಟ್ಟು ಬೇರೆ ಏನಿದೆ ಎಂದುಕೊಂಡು ಹಾಗೆ ಬರೆದಿದ್ದಳು. ಅವಳು ಮನೆಗೆ ಬರುವುದು ತಡವಾದಾಗಲೆಲ್ಲ ಹೊಸ್ತಿಲಲ್ಲೇ ನಿಂತು ಕೂಗಾಡುತ್ತಿದ್ದವನು ಅವನು.

“ಬರದಾಕಿಗೆ ಗೊತ್ತಿದ್ದಿಲ್ರಿ, ಮೇಡಂ,” ಎಂದಳು.