ಕುರುಗೋಡಿನ ದಿಬ್ಬ

ಎಂಜಿನ್ ಕೂತಿತು; ಅದರ ಮೇಲೆ ಮುಚ್ಚುವ ತಗಡಿನ ಪೆಟ್ಟಿಗೆ ಮಾತ್ರ ಕೂರಲೊಲ್ಲದು. ಹಾಲಸಿದ್ದಪ್ಪ ಸುತ್ತಿಗೆಯಿಂದ ಇನ್ನೊಂದೇಟು ಬಿಗಿದ. ಬ್ರಿಟಿಷರು ಬಿಟ್ಟುಹೋದ ಆ ವ್ಯಾನಿನಲ್ಲಿ ಎಂಜಿನ್ ಇರುವುದು ಮೂತಿಯಲ್ಲಲ್ಲ, ಒಳಗೆ, ಎರಡು ಸೀಟುಗಳ ನಡುವೆ. ಹಳೆಯ ಲಾರಿಯೊಂದರಿಂದ ಬಿಚ್ಚಿ ತಂದ ಈ ಡೀಸೆಲ್ ಎಂಜಿನ್ನೋ, ಹಳೆಯದರ ಎರಡರಷ್ಟು ಅಗಲ. "ಯಾವ ಇಂಗ್ಲಿಷ್ ಮೂಳ ಕಟ್ಯಾನೋ ಈ ಗಾಡಿ!" ಎಂದು ಹಲ್ಲು ಕಡಿದು, ಸ್ಪ್ಯಾನರ್ ಹಿಡಿದು, ಅಡ್ಡ ಬಂದದ್ದನ್ನೆಲ್ಲ ಬಿಚ್ಚಿ ಓಣಿಗೆ ಎಸೆದ. ಪೆಟ್ಟಿಗೆ ಕೊನೆಗೂ ಕೂತಿತು.

ಇಷ್ಟು ಹಟಕ್ಕೆ ಕಾರಣ ಕುರುಗೋಡಿನ ದಿಬ್ಬ. ಸ್ಟೀಲ್ ಪಾತ್ರೆ ಹೇರಿಕೊಂಡು ಅಲ್ಲಿಯ ಸಂತೆಗೆ ಹೊರಟಾಗಲೆಲ್ಲ ಹಳೆಯ ಎಂಜಿನ್ ಏದುಸಿರು ಬಿಡುತ್ತಿತ್ತು. ಹೆಂಡತಿ ಚನ್ನವೀರಮ್ಮ ಇಳಿದು, ಸೆರಗು ಸಿಕ್ಕಿಸಿ, ಹಿಂದಿನಿಂದ ತಳ್ಳಬೇಕಿತ್ತು. ಹೋದ ಸಂತೆಯಂದು ಅವಳ ತವರಿನವರ ಎದುರಿಗೇ ತಳ್ಳಿಸಿದ್ದ. ಅಂದಿನಿಂದ ಮನೆಯಲ್ಲಿ ರೊಟ್ಟಿ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

ಕೀಲಿ ತಿರುವಿದ. ಎಂಜಿನ್ ಗುಡುಗಿದ ಸದ್ದಿಗೆ ಬಳ್ಳಾರಿಯ ಆ ಓಣಿಗೆ ಓಣಿಯೇ ನಡುಗಿತು. "ಬಾ ಚನ್ನವೀರಿ, ಹತ್ತು! ಇನ್ಮ್ಯಾಲ ಆ ದಿಬ್ಬದಾಗ ನೀ ಇಳಿಯೂದ ಬ್ಯಾಡ!"

ಬುತ್ತಿ ಗಂಟು ಹಿಡಿದು ಬಂದ ಚನ್ನವೀರಮ್ಮ ಬಾಗಿಲು ತೆರೆದಳು. ಅವಳು ಕೂರುವ ಜಾಗದ ತುಂಬ ತಗಡಿನ ಪೆಟ್ಟಿಗೆ; ಹಿಂದೆ ಟಾಪಿನವರೆಗೂ ಪಾತ್ರೆ. ಆಕೆ ಓಣಿಯಲ್ಲಿ ಬಿದ್ದಿದ್ದ ತನ್ನ ಸೀಟನ್ನು ನೆಟ್ಟಗೆ ಮಾಡಿ, ಧೂಳು ಕೊಡವಿ, ಅದರ ಮೇಲೆ ಕೂತು ಬುತ್ತಿ ಬಿಚ್ಚಿದಳು.

"ಇಷ್ಟು ದಿನ ದಿಬ್ಬ ಬಂದಾಗಷ್ಟ ಇಳೀತಿದ್ದೆ," ಎಂದಳು. "ಈಗ ಹತ್ತೂದನ್ನೂ ತಪ್ಪಿಸಿದ್ರಿ. ಹೋಗಿ ಬರ್ರಿ."