ದಡದ ಚಪ್ಪಲಿಗಳು

ದೋಣಿಯ ಹಗ್ಗ ಬಿಚ್ಚುತ್ತಿದ್ದ ಹೂವಪ್ಪನ ಕೈ ಅರ್ಧಕ್ಕೇ ನಿಂತಿತು. ಹೂಡೆಯ ಮರಳ ದಡದಲ್ಲಿ ಹದಿನಾಲ್ಕು ಜೊತೆ ಚಪ್ಪಲಿಗಳು ಸಾಲಾಗಿ ಕೂತಿದ್ದವು.

ದೋಣಿಯೆಂದರೆ ದೇವರು, ಚಪ್ಪಲಿ ಹಾಕಿ ಹತ್ತಬಾರದು ಎಂದು ಹೇಳಿಕೊಟ್ಟವನು ಅವನೇ. ಮಣಿಪಾಲದ ಕಂಪನಿಯೊಂದಕ್ಕೆ ನದಿಯ ನಡುವೆ ಅವನ ದೋಣಿಯಲ್ಲೇ ಮೀಟಿಂಗ್ ಏರ್ಪಡಿಸಿದ್ದ ನವ್ಯಶ್ರೀ ಅದನ್ನು ಆಮಂತ್ರಣದಲ್ಲೇ ದಪ್ಪಕ್ಷರದಲ್ಲಿ ಹಾಕಿಸಿದ್ದಳು. ಎಲ್ಲರೂ ಬರಿಗಾಲಲ್ಲಿ ಹತ್ತಿ, ಫೈಲು ಬಿಚ್ಚಿ ಕೂತಿದ್ದರು.

"ಎಂತ ಆಯ್ತು ಹೂವಪ್ಪಣ್ಣ? ಹೊರಡುವ, ಲೇಟಾಯ್ತು" ಎಂದಳು ನವ್ಯಶ್ರೀ.

ಅವನು ಮೊಣಕಾಲುದ್ದದ ನೀರಿಗಿಳಿದು ದಡಕ್ಕೆ ಹೋಗಿ, ಮೀನಿನ ಬುಟ್ಟಿಗೆ ಒಂದೊಂದೇ ಜೊತೆ ತುಂಬತೊಡಗಿದ.

"ಅಲ್ಲೇ ಇರಲಿ ಮಾರಾಯ್ರೆ, ಯಾರೂ ಕದಿಯುವುದಿಲ್ಲ" ಎಂದು ನವ್ಯಶ್ರೀ ನಕ್ಕಳು.

"ಇಲ್ಲ ಮೇಡಂ, ಇಲ್ಲಿ ಯಾರೂ ಕದಿಯುವುದಿಲ್ಲ. ನನ್ನ ಮಗ ತಿಲಕನದ್ದೂ ಇಲ್ಲೇ ಇತ್ತು. ಕಡಲಿಗೆ ಹೋಗುವಾಗ ಬಿಟ್ಟು ಹೋದದ್ದು. ಅವನು ಮಾತ್ರ ಬರಲಿಲ್ಲ. ಮಳೆಗಾಲದಲ್ಲಿ ಮರಳು ಮುಚ್ಚುವವರೆಗೂ ಅವನ ಅಮ್ಮ ಅದನ್ನು ತೆಗೆಯಲು ಬಿಡಲಿಲ್ಲ. ಬಂದರೆ ಬೇಕಲ್ಲಾ ಎಂದು."

ನವ್ಯಶ್ರೀಯ ನಗು ಅಲ್ಲೇ ಇಂಗಿತು. ಹೂವಪ್ಪ ಬುಟ್ಟಿ ಹೊತ್ತು ಬಂದು, ದೋಣಿಗೆ ತಪ್ಪಾಯಿತೆಂದು ಕೈಮುಗಿದು, ಅದನ್ನು ಒಳಗಿಟ್ಟ. ಜೊತೆಗಳನ್ನೊಮ್ಮೆ, ಜನರನ್ನೊಮ್ಮೆ ಎಣಿಸಿದ. ಆಮೇಲೆಯೇ ಹಗ್ಗ ಬಿಚ್ಚಿದ.