ಆಪರೇಶನ್ ಆದವರ ಮಂಚ

ನೆಲೋಗಿಯ ಸೋದರತ್ತೆ ಬಸ್ಸಿಳಿದಳೆಂದು ಗೊತ್ತಾದದ್ದೇ ತಡ, ಗಂಗುಬಾಯಿ ಮಗ ಚಂದ್ರಾಮನನ್ನು ಮಂಚದಿಂದ ಎಬ್ಬಿಸಿ ಸೊಸೆಯತ್ತ ತಿರುಗಿದಳು. "ಕಾಶಿ, ನೀ ಮಕ್ಕೋ ಬೇ. ಆಪರೇಶನ್ ನಿಂದಂತ ಎಲ್ಲಾರಿಗೂ ಹೇಳೀನಿ. ಗಂಡಸಿನ ಮರ್ಯಾದಿ ಅದ."

ಸೊಲ್ಲಾಪುರದ ಡಾಕ್ಟರು ದುರ್ಬೀನಿನಂಥ ಸೂಕ್ಷ್ಮದರ್ಶಕ ಹಚ್ಚಿ, ಮುಚ್ಚಿಹೋಗಿದ್ದ ಚಂದ್ರಾಮನ ವೀರ್ಯನಾಳವನ್ನು ಬಿಡಿಸಿ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದು ಆರು ದಿನವಾಗಿತ್ತು. ಭಾರ ಎತ್ತಿದರೆ ಎಲ್ಲ ಹಾಳು ಎಂದಿದ್ದರು. ಒಂಬತ್ತು ವರ್ಷ ಬಂಜೆ ಅನ್ನಿಸಿಕೊಂಡದ್ದು ಸಾಲದೆ ಈಗ ರೋಗಿಯೂ ಆಗಬೇಕೇ ಎಂದು ಹಲ್ಲು ಕಚ್ಚಿ, ಕಾಶಿಬಾಯಿ ಕೌದಿ ಹೊದ್ದಳು.

ಸೋದರತ್ತೆ ಬಂದವಳೇ ಅವಳ ಹಣೆ ಮುಟ್ಟಿ ಲೊಚಗುಟ್ಟಿದಳು. "ಇಕಿ ಸಲುವಾಗಿ ನಮ್ಮ ಹುಡುಗ ಎಷ್ಟು ಸೊರಗ್ಯಾನ! ಚಂದ್ರಾಮ, ಕಟ್ಟಿ ಮ್ಯಾಲ ಜ್ವಾಳದ ಚೀಲ ಇಟ್ಟೀನಿ, ಒಳಗ ತಾರಪ್ಪಾ." ಗಂಗುಬಾಯಿ ಕೇಳದವಳಂತೆ ಚಾಪೆ ಹಾಸತೊಡಗಿದಳು. ಚಂದ್ರಾಮ ಹೋಗಿ ಚೀಲಕ್ಕೆ ಬಗ್ಗಿದ.

ಕಾಶಿಬಾಯಿ ಕೌದಿ ಕಿತ್ತೊಗೆದು ಓಡಿದಳು. ಅವನನ್ನು ಸರಿಸಿ, ಚೀಲವನ್ನು ಟೊಂಕಕ್ಕೇರಿಸಿ ತಂದು ಒಳಗೆ ಧೊಪ್ಪೆಂದು ಇಳಿಸಿದಳು.

"ಅಯ್ಯ, ಹೊಲಿಗಿ ಹರೀತಾವ ಬೇ!" ಸೋದರತ್ತೆ ಚೀರಿದಳು.

ಚಂದ್ರಾಮ ಅವ್ವನ ಮುಖ ನೋಡಿದ. ಆಮೇಲೆ ಕಾಲು ಅಗಲಿಸಿ ಮೆಲ್ಲಗೆ ನಡೆದು ಬಂದು ಮಂಚದ ಮೇಲೆ ಮಲಗಿದ. "ಹೊಲಿಗಿ ಹಾಕಿದ್ದು ನನಗ, ಅತ್ತಿ," ಎಂದ. "ಕಾಶಿ, ಆ ಕೌದಿ ಇತ್ತ ಕೊಡು."